ಮರಳಿ ಬಂದವರಿಗೆ ಮರುದೀಕ್ಷೆಯಿಲ್ಲ: ಬೆಟಗೇರಿ ಸೀಮೆಯ ಬಾಸೆಲ್ ಮಿಷನ್ ಸಭಾಶಿಸ್ತು ಮತ್ತು ರಕ್ಷಣೆಯ ನಷ್ಟದ ಪ್ರಶ್ನೆ

ಬಾಸೆಲ್ ಮಿಷನ್ ತನ್ನ ಕನ್ನಡ ಸಭೆಗಳಲ್ಲಿ ನಡೆಸಿಕೊಂಡು ಬಂದ ಸಭಾಶಿಸ್ತನ್ನು ಸಮಾಜ ಚರಿತ್ರೆಯ ಅಧ್ಯಯನಗಳು ಹೆಚ್ಚಾಗಿ ಹತೋಟಿಯ ಸಾಧನವೆಂದೇ ಓದಿವೆ. ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರು ಕೆಲಸಕ್ಕೆ, ಮನೆಗೆ, ಮಕ್ಕಳ ಓದಿಗೆ ಮಿಷನ್ನನ್ನೇ ನೆಚ್ಚಿಕೊಂಡಿದ್ದಾಗ, ಸಭೆಯಿಂದ ಹೊರಗಿಡುವ ಮಾತಿಗೆ ಎಷ್ಟು ಬಲವಿತ್ತೆಂಬುದನ್ನು ಈ ಓದು ಸರಿಯಾಗಿಯೇ ಗುರುತಿಸಿದೆ. ಆದರೆ ಅದು ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿದೆ: ಪಾಪದ ಕಾರಣಕ್ಕೆ ಹೊರಗಿಟ್ಟವನ ರಕ್ಷಣೆ ಏನಾಯಿತೆಂದು ಸಭೆ ನಂಬಿತ್ತು? ಈ ಪ್ರಶ್ನೆಗೆ ಉತ್ತರ ಹೊರಗಿಡುವ ಕ್ರಮಕ್ಕಿಂತ ಮರಳಿ ಸೇರಿಸಿಕೊಳ್ಳುವ ಕ್ರಮದಲ್ಲಿದೆ ಎಂಬುದು ಈ ಲೇಖನದ ವಾದ.

ಚರಿತ್ರೆಯ ಚೌಕಟ್ಟು ಸುಪರಿಚಿತ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಕಾಲಜ್ಞಾನದ ನುಡಿಗಳಲ್ಲಿ ನಂಬಿಕೆಯಿಟ್ಟಿದ್ದ ಗುಂಪೊಂದು ಒಟ್ಟಾಗಿ ಕ್ರೈಸ್ತರಾದೀತೆಂಬ ಭರವಸೆಯಲ್ಲಿ ಅದೇ ಕಾಲಕ್ಕೆ ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಕೃಷಿ ವಸಾಹತೊಂದನ್ನು ಕಟ್ಟಲಾಯಿತು. ಆ ಭರವಸೆ ಫಲಿಸಲಿಲ್ಲ. ಹೀಗಾಗಿ ಇಂದಿನ ಬಿಂಕದಕಟ್ಟಿ, ಗದಗ, ಬೆಟಗೇರಿಗಳ ಈ ಸೀಮೆಯಲ್ಲಿ ಸಭೆ ಬೇರೂರುವ ಮೊದಲೇ ಒಂದು ಅನುಮಾನ ಎದುರಾಗಿತ್ತು: ಹಿಂದೆ ಸರಿದವರು ನಂಬಿ ಬಿದ್ದವರೋ, ಮೊದಲಿನಿಂದಲೂ ನಂಬದವರೋ?

ಸುಧಾರಣಾ ಪರಂಪರೆಯೊಳಗೆ ಈ ಅನುಮಾನಕ್ಕೆ ಎರಡು ಉತ್ತರಗಳಿದ್ದವು. 1530ರ ಔಗ್ಸ್‌ಬರ್ಗ್ ಒಪ್ಪಿಗೆಯ ಹನ್ನೆರಡನೆಯ ವಿಧಿ, ಒಮ್ಮೆ ನೀತಿವಂತರೆಂದು ಎಣಿಸಲ್ಪಟ್ಟವರು ಪರಿಶುದ್ಧಾತ್ಮನನ್ನು ಕಳೆದುಕೊಳ್ಳಲಾರರೆಂಬ ಬೋಧನೆಯನ್ನು ಖಂಡಿಸುತ್ತದೆ. 1537ರ ಶ್ಮಾಲ್ಕಾಲ್ಡ್ ವಿಧಿಗಳಲ್ಲಿ ಲೂಥರ್ ದಾವೀದನನ್ನೇ ಉದಾಹರಿಸಿ, ವ್ಯಭಿಚಾರ ಮತ್ತು ಕೊಲೆಯ ಹೊತ್ತಿನಲ್ಲಿ ಅವನನ್ನು ನಂಬಿಕೆಯೂ ಆತ್ಮನೂ ಬಿಟ್ಟುಹೋಗಿದ್ದರೆಂದು ತೀರ್ಮಾನಿಸಿದ. 1618–19ರ ಸುಧಾರಿತ ಪಂಥದ ಡಾರ್ಟ್ ಸಭೆ ಅದೇ ದಾವೀದನ ಪತನವನ್ನು ಮುಂದಿಟ್ಟುಕೊಂಡು, ಅಂಥ ಘೋರ ಪತನದಲ್ಲೂ ದೇವರು ತನ್ನವರಿಂದ ಆತ್ಮನನ್ನು ಸಂಪೂರ್ಣವಾಗಿ ತೆಗೆಯುವುದಿಲ್ಲವೆಂದಿತು. ವುರ್ಟೆಂಬರ್ಗಿನ ಲೂಥರನ್ ಭಕ್ತಿಪಂಥದಿಂದ ಬಂದ ಪಾದ್ರಿಗಳೂ ಸ್ವಿಸ್ ಸುಧಾರಿತ ನೆಲದ ಸಂಸ್ಥೆಯೂ ಸೇರಿ ಆದ ಬಾಸೆಲ್ ಮಿಷನ್ನಿನಲ್ಲಿ ಎರಡೂ ದನಿಗಳಿದ್ದವು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ, ರಕ್ಷಣೆಯ ನಷ್ಟ ಸಾಧ್ಯವೆಂದು ವಾದಿಸಿದ್ದ ಜಾನ್ ವೆಸ್ಲಿಯ ಪರಂಪರೆಯೂ ಸೇರಿತು. ಬೆಟಗೇರಿ ಸೀಮೆಯ ಬಾಸೆಲ್ ಸಭೆಗಳು ಮುಂದೆ ಪ್ರವೇಶಿಸಿದ್ದು ಈ ಕೂಡುಮನೆಯನ್ನು.

ನಿಜವಾದ ತೊಡಕು ಇರುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 6:4–6ರಲ್ಲಿ. ಬೆಳಕನ್ನು ಹೊಂದಿ, ಪರಲೋಕದ ದಾನವನ್ನು ರುಚಿನೋಡಿ, ಪರಿಶುದ್ಧಾತ್ಮನಲ್ಲಿ ಪಾಲುಗಾರರಾಗಿ, ಆಮೇಲೆ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಆ ಭಾಗ ಹೇಳುತ್ತದೆ. ಇವರು ಹೊರಗಿನ ಅನುಭವಗಳನ್ನು ಪಡೆದಿದ್ದರೇ ಹೊರತು ನಿಜವಾಗಿ ರಕ್ಷಣೆ ಹೊಂದಿದವರಲ್ಲವೆಂದು ವೇಯ್ನ್ ಗ್ರೂಡೆಮ್ 1995ರ ಪ್ರಬಂಧದಲ್ಲಿ ವಾದಿಸಿದರು. ಅವರ ಮುಖ್ಯ ಆಧಾರ 7–8ನೆಯ ವಚನಗಳ ಹೊಲದ ಸಾಮ್ಯ: ಮುಳ್ಳು ಬೆಳೆಯುವ ನೆಲ ಮೊದಲಿನಿಂದಲೂ ಕೆಟ್ಟ ನೆಲವೇ, ಬೆಳೆ ಅದರ ಸ್ವರೂಪವನ್ನು ಹೊರಗೆಡಹುತ್ತದೆ, ಅಷ್ಟೆ.

ಈ ವಾದವನ್ನು ಒಪ್ಪುವುದು ಕಷ್ಟ. ಮೊದಲನೆಯದಾಗಿ, ಸಾಮ್ಯವು ನೆಲದ ಹುಟ್ಟುಗುಣದ ಬಗ್ಗೆ ಮೌನವಾಗಿದೆ. ಪದೇ ಪದೇ ಸುರಿದ ಮಳೆಯನ್ನು ಕುಡಿದ ನೆಲ ಏನು ಕೊಟ್ಟಿತೆಂಬುದೇ ಅದರ ಪ್ರಶ್ನೆ. ಮಳೆಯನ್ನೇ ನಂಬಿದ ಗದಗಿನ ಎರೆಭೂಮಿಯ ರೈತ ಕಸ ಬೆಳೆದ ಹೊಲವನ್ನು ನೋಡಿದ ಕೂಡಲೇ ಅದು ಎಂದಿನಿಂದಲೂ ಬರಡೆಂದು ತೀರ್ಮಾನಿಸುವುದಿಲ್ಲ. ಎರಡನೆಯದಾಗಿ, ಅದೇ ಪತ್ರಿಕೆಯ 10:29 ಧರ್ಮಭ್ರಷ್ಟನ ಬಗ್ಗೆ ಮಾತಾಡುವಾಗ, ಅವನನ್ನು ಶುದ್ಧೀಕರಿಸಿದ ಒಡಂಬಡಿಕೆಯ ರಕ್ತವನ್ನೇ ಅವನು ಅಶುದ್ಧವೆಂದು ಎಣಿಸಿದನೆನ್ನುತ್ತದೆ. ಶುದ್ಧೀಕರಣವೇ ಆಗದವನ ಮೇಲೆ ಈ ಆರೋಪ ನಿಲ್ಲದು. ಆದುದರಿಂದ ಪತ್ರಿಕೆ ವರ್ಣಿಸುವ ನಷ್ಟ ತೋರಿಕೆಯದಲ್ಲ, ನಿಜವಾದದ್ದು ಎಂಬ ಓದು ಹೆಚ್ಚು ಸಮರ್ಪಕ.

ಹಾಗಾದರೆ ‘ಅಸಾಧ್ಯ’ವೆಂಬ ಮಾತನ್ನು ಏನು ಮಾಡುವುದು? ಮೂರನೆಯ ಶತಮಾನದಲ್ಲಿ, ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ನಂಬಿಕೆ ಬಿಟ್ಟವರನ್ನು ಮರಳಿ ಸೇರಿಸಲು ನೊವೇಶಿಯನ್ ಒಪ್ಪಲಿಲ್ಲ. ಕಾರ್ಥೇಜಿನ ಸಿಪ್ರಿಯನ್ ಪ್ರಾಯಶ್ಚಿತ್ತದ ದಾರಿಯನ್ನು ತೆರೆದಿಟ್ಟ. ಲೂಥರನಿಗೂ ಈ ಪತ್ರಿಕೆಗೆ ಬರೆದ 1522ರ ಮುನ್ನುಡಿಯಲ್ಲಿ ಈ ವಚನ ಬಿಡಿಸಲಾಗದ ಗಂಟಾಗಿ ಕಂಡಿತ್ತು. ಆರನೆಯ ವಚನದ ಕೊನೆಯ ಭಾಗ ದೇವಕುಮಾರನನ್ನು ಮತ್ತೆ ಶಿಲುಬೆಗೇರಿಸುತ್ತ ಅವನನ್ನು ಬಹಿರಂಗವಾಗಿ ಅವಮಾನಪಡಿಸುತ್ತಿರುವವರನ್ನು ಕುರಿತದ್ದು. ನಿರಾಕರಣೆಯಲ್ಲೇ ನಿಂತಿರುವವರೆಗೆ ಪಶ್ಚಾತ್ತಾಪ ಅಸಾಧ್ಯವೆಂದು ಇದನ್ನು ಓದಬಹುದು. ಹಾಗೆ ಓದಿದರೆ ವಚನ ಹೇಳದಿದ್ದರೂ ತಿಳಿಯುವ ಮಾತನ್ನೇ ಹೇಳಿದಂತಾಗುತ್ತದೆಂಬ ಆಕ್ಷೇಪಣೆ ಗಂಭೀರವಾದದ್ದು. ಆದರೆ ಎಚ್ಚರಿಕೆ ಬರೆದದ್ದು ಇನ್ನೂ ಬೀಳದವರಿಗೆ. ಬಿದ್ದ ಮೇಲೆ ತಮ್ಮಷ್ಟಕ್ಕೆ ತಾವೇ ಎದ್ದೇವೆಂಬ ಧೈರ್ಯವನ್ನು ಮುರಿಯುವುದು ಅದರ ಕೆಲಸ. ಒಂಬತ್ತನೆಯ ವಚನದಲ್ಲಿ ಬರಹಗಾರ ತನ್ನ ಓದುಗರನ್ನು ಪ್ರಿಯರೆಂದು ಕರೆದು, ಅವರ ರಕ್ಷಣೆಯ ಬಗ್ಗೆ ಭರವಸೆಯ ಮಾತಾಡುವುದು ಇದಕ್ಕೆ ಹೊಂದುತ್ತದೆ.

ಬಾಸೆಲ್ ಸಭಾಶಿಸ್ತು ಈ ತೊಡಕನ್ನು ಆಚರಣೆಯಲ್ಲಿ ಬಿಡಿಸಿತ್ತು. ಮತ್ತಾಯ 18ರ ಜಾಡಿನಲ್ಲಿ ಮೊದಲು ಬುದ್ಧಿಹೇಳಿಕೆ, ಆಮೇಲೆ ಕರ್ತನ ಭೋಜನದಿಂದ ದೂರವಿಡುವುದು, ಕೊನೆಗೆ ಸಭೆಯಿಂದ ಹೊರಗಿಡುವುದು. ಪಶ್ಚಾತ್ತಾಪಪಟ್ಟು ಬಂದವನಿಗೆ ಪಂಕ್ತಿ ಮತ್ತೆ ತೆರೆಯುತ್ತಿತ್ತು. ದೀಕ್ಷಾಸ್ನಾನ ಮಾತ್ರ ಎರಡನೆಯ ಸಲ ಇರಲಿಲ್ಲ. 1529ರ ದೊಡ್ಡ ಪ್ರಶ್ನೋತ್ತರಮಾಲೆಯಲ್ಲಿ ಲೂಥರ್ ಪಶ್ಚಾತ್ತಾಪವೆಂದರೆ ದೀಕ್ಷಾಸ್ನಾನಕ್ಕೆ ಹಿಂತಿರುಗುವುದೇ ಎಂದಿದ್ದ. ಈ ಕ್ರಮ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದಿದೆ: ಹೊರಗಿಟ್ಟದ್ದು ನಾಟಕವಲ್ಲ, ಅಪಾಯ ನಿಜ, ಆದರೆ ದೇವರು ಕೊಟ್ಟ ಮಾತು ಮನುಷ್ಯನ ಪತನದಿಂದ ರದ್ದಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5:5ರಲ್ಲಿ ಹೊರಗಿಡುವುದರ ಗುರಿ ಆತ್ಮದ ರಕ್ಷಣೆಯೇ ಆಗಿದೆ.

ಇಷ್ಟರಿಂದ ಸಭಾಶಿಸ್ತಿನಲ್ಲಿ ಅಧಿಕಾರದ ಲೆಕ್ಕ ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಯಾವ ನಡೆ ಪಾಪವೆಂದು ಗೊತ್ತುಪಡಿಸುವಲ್ಲಿ ಯುರೋಪಿಯನ್ನರ ಕೈ ಮೇಲಾಗಿತ್ತು. ಮರುದೀಕ್ಷೆಯ ನಿರಾಕರಣೆಯೂ ಬಾಸೆಲಿನ ಸ್ವಂತ ಆವಿಷ್ಕಾರವಲ್ಲ. ಡಾರ್ಟಿನ ಅನುಯಾಯಿಯೂ ಅದನ್ನು ತನ್ನ ರೀತಿಯಲ್ಲಿ ಸಮರ್ಥಿಸಿಕೊಳ್ಳಬಲ್ಲ, ರೋಮನ್ ಕಥೋಲಿಕ ಸಭೆಯೂ ಪಾಲಿಸುತ್ತದೆ. ನನ್ನ ವಾದ ಇಷ್ಟೇ ಸೀಮಿತ: ಭೋಜನದಿಂದ ದೂರವಿಡುವುದನ್ನೂ ದೀಕ್ಷಾಸ್ನಾನವನ್ನು ಮುಟ್ಟದಿರುವುದನ್ನೂ ಜೊತೆಗಿಟ್ಟು ನೋಡಿದಾಗ ಕಾಣುವ ಆಕಾರ ಲೂಥರನ್ ಉತ್ತರಕ್ಕೆ ಹತ್ತಿರದ್ದು, ಮತ್ತು ಆ ಆಕಾರವನ್ನು ಹತೋಟಿಯ ತರ್ಕವೊಂದೇ ವಿವರಿಸಲಾರದು.

ಬಿಡಿ ಪಾಪವೊಂದು ರಕ್ಷಣೆಯನ್ನು ಅಳಿಸುವುದಿಲ್ಲ. ಪಶ್ಚಾತ್ತಾಪವನ್ನು ತಳ್ಳಿಹಾಕಿ ಪಾಪದಲ್ಲೇ ನೆಲೆನಿಂತ ಮನಸ್ಸು ಅದನ್ನು ಕಳೆದುಕೊಳ್ಳಬಹುದು. ಈ ಸಭೆಗಳ ಆಚರಣೆಯಿಂದ ತೆಗೆಯಬಹುದಾದ ತೀರ್ಮಾನ ಇದು. ಶಿಸ್ತಿಗೆ ಒಳಗಾದವರೂ ಇದನ್ನು ಹೀಗೇ ತಿಳಿದಿದ್ದರೇ, ಅವರಿಗೆ ಮೊದಲು ನೋವಾದದ್ದು ರಕ್ಷಣೆಯ ಭಯದಿಂದಲೋ ಬಂಧುಬಳಗ ಕೈಬಿಟ್ಟದ್ದರಿಂದಲೋ ಎಂಬುದು ತೆರೆದ ಪ್ರಶ್ನೆ. ಅದರ ಉತ್ತರಕ್ಕೆ ಪಾದ್ರಿಗಳ ವರದಿಗಳು ಸಾಲವು. ಸ್ಥಳೀಯ ಹಿರಿಯರ ಸಭೆಗಳ ನಡಾವಳಿಗಳನ್ನು ಈ ಪ್ರಶ್ನೆಯೊಂದಿಗೆ ಓದುವ ಕೆಲಸ ಆಗಬೇಕಾಗಿದೆ.