ಮೈಕಾರ್ಟಾ ಹಿಡಿಯ ಉಜ್ಜುವಿಕೆ ಮತ್ತು ಹೊಳಪು
ಮೈಕಾರ್ಟಾ ಚಾಕುವಿನ ಹಿಡಿಗೆ ಬಳಸುವ ಕೃತಕ ಹಲಗೆ. ಬಟ್ಟೆ ಅಥವಾ ಕಾಗದದ ಪದರಗಳಿಗೆ ಫೀನಾಲಿಕ್ ರಾಳ ಊಡಿಸಿ, ಶಾಖ ಮತ್ತು ಒತ್ತಡದಲ್ಲಿ ಗಟ್ಟಿಗೊಳಿಸಿದ್ದು. 1910ರ ಸುಮಾರಿಗೆ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಇದನ್ನು ವಿದ್ಯುತ್ ನಿರೋಧಕವಾಗಿ ತಯಾರಿಸಿತು. ಆಕಾರ ಕೊಟ್ಟ ಹಿಡಿಯನ್ನು 120, 220, 400 ಗ್ರಿಟ್ (ಕಾಗದದ ತರಿಯ ಸಂಖ್ಯೆ) ಹೀಗೆ ನುಣುಪಾಗುತ್ತ ಹೋಗುವ ಉಪ್ಪುಕಾಗದಗಳಿಂದ ಉಜ್ಜುತ್ತಾರೆ. ಹಿಂದಿನ ಕಾಗದದ ಗೀರು ಪೂರ್ತಿ ಅಳಿಯದೆ ಮುಂದಿನದಕ್ಕೆ ಕೈ ಹಾಕಬಾರದು. ಬಾಗಿದ ಕಡೆಗಳಲ್ಲಿ ಪದರಗಳು ಭೂಪಟದ ಎತ್ತರರೇಖೆಗಳಂತೆ ಸುತ್ತುಸುತ್ತಾಗಿ ಮೂಡುತ್ತವೆ. ಮೈಕಾರ್ಟಾದ ಚೆಲುವೇ ಅದು. ಕಾಗದದ ಮೈಕಾರ್ಟಾವನ್ನು 1000ದ ಆಚೆಗೂ ಉಜ್ಜಿ ಬಫ್ ಚಕ್ರಕ್ಕೆ ಕೊಟ್ಟರೆ ದಂತದಂಥ ಹೊಳಪು ಬರುತ್ತದೆ. ಕ್ಯಾನ್ವಾಸ್ ಬಟ್ಟೆಯದನ್ನು 400ಕ್ಕೇ ನಿಲ್ಲಿಸುವುದು ಲೇಸು: ನೂಲಿನ ತರಿ ಒದ್ದೆ ಕೈಗೂ ಹಿಡಿತ ಕೊಡುತ್ತದೆ, ಅತಿ ಹೊಳಪು ಅದನ್ನು ಕಸಿಯುತ್ತದೆ. ಉಜ್ಜುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹಾನಿಕರ; ನೀರು ಹಚ್ಚಿ ಉಜ್ಜಬೇಕು, ದೂಳು ತಡೆಯುವ ಮಾಸ್ಕ್ ತೊಡಲೇಬೇಕು.