ಅಸುರಕ್ಷಿತ ಸ್ಥಳಗಳಲ್ಲಿ ಗಾಯಗೊಂಡವರಿಗೆ ಉಚಿತ ಕಾನೂನು ನೆರವು
(ಕೊಳಾರ ಸೇರಿದಂತೆ ಬೀದರ, ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳು)

ಶಿಥಿಲ ಗೋಡೆ ಕುಸಿದು, ತೆರೆದ ಗುಂಡಿ ಅಥವಾ ಕಟ್ಟೆಯಿಲ್ಲದ ಬಾವಿಗೆ ಬಿದ್ದು ಗಾಯಗೊಂಡವರು, ಸ್ಥಳದ ಮಾಲೀಕರ ನಿರ್ಲಕ್ಷ್ಯವನ್ನು ರುಜುವಾತುಪಡಿಸಿ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೋರಬಹುದು. ಪೊಲೀಸ್ ದೂರು ದಾಖಲಾದ ಮಾತ್ರಕ್ಕೆ ಪರಿಹಾರ ದೊರೆಯುವುದಿಲ್ಲ. ಪ್ರತ್ಯೇಕ ದಾವೆ ಹೂಡತಕ್ಕದ್ದು.

ಅರ್ಹತೆ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದನ್ವಯ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೆ ವರಮಾನದ ಮಿತಿಯಿಲ್ಲ. ಇತರರ ವಾರ್ಷಿಕ ವರಮಾನವು ನಿಗದಿತ ಮಿತಿಯೊಳಗಿರತಕ್ಕದ್ದು. ಅರ್ಹರಿಗೆ ವಕೀಲರ ನೇಮಕ ಹಾಗೂ ನ್ಯಾಯಾಲಯ ಶುಲ್ಕ ಉಚಿತ.

ಅರ್ಜಿ ಸಲ್ಲಿಸುವ ಸ್ಥಳ: ಬೀದರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಭಾಲ್ಕಿ, ಔರಾದಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಸಹಾಯವಾಣಿ: 15100.

ಲಗತ್ತಿಸಬೇಕಾದ ದಾಖಲೆಗಳು: ಚಿಕಿತ್ಸಾ ದಾಖಲೆ ಮತ್ತು ರಸೀದಿಗಳು, ದೂರಿನ ಪ್ರತಿ, ಸ್ಥಳದ ಛಾಯಾಚಿತ್ರ, ಸಾಕ್ಷಿಗಳ ವಿವರ. ಸ್ಥಳ ದುರಸ್ತಿಯಾದ ಬಳಿಕ ಪುರಾವೆ ಉಳಿಯದು. ಆದ್ದರಿಂದ ಛಾಯಾಚಿತ್ರವನ್ನು ಕೂಡಲೇ ತೆಗೆಸಿಡುವುದು ಸೂಕ್ತ.

ಕಾಲಮಿತಿ: ಗಾಯದ ದಾವೆಗೆ ಸಾಮಾನ್ಯವಾಗಿ 3 ವರ್ಷ, ಮರಣ ಸಂಭವಿಸಿದಲ್ಲಿ ಅವಲಂಬಿತರಿಗೆ 2 ವರ್ಷ. ಸರ್ಕಾರದ ವಿರುದ್ಧದ ದಾವೆಗೆ ಸಾಮಾನ್ಯವಾಗಿ 2 ತಿಂಗಳ ಮುಂಚಿತ ನೋಟೀಸು ಅಗತ್ಯ. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರ ಪರಿಹಾರಕ್ಕೆ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ. ಗುಣಮುಖರಾಗುವವರೆಗೆ ಕಾಯದೆ ಅರ್ಜಿ ಸಲ್ಲಿಸತಕ್ಕದ್ದು.