ಹೆಪ್ಪುಗಟ್ಟಿದ ನದಿಯೂ ಬೆಂಗಳೂರಿನ ಸರಪಣಿಯೂ

ಪೂರ್ವಕ್ಕೆ ಪಾರ್ಸಿಕ್ ಬೆಟ್ಟದ ಸಾಲು, ಪಶ್ಚಿಮಕ್ಕೆ ಠಾಣೆಯ ಖಾಡಿ, ನಡುವೆ ಕಾರ್ಖಾನೆಗಳೂ ರೈಲುಹಾದಿಯೂ ಇಕ್ಕಟ್ಟಾಗಿ ನೆರೆದಿರುವ ರಬಾಳೆಯನ್ನು ಭೂಪಟದಲ್ಲಿ ನೋಡುವವನಿಗೆ, ಬೆಟ್ಟದ ಮೈಮೇಲೆ ಒತ್ತಾಗಿ ಹಬ್ಬಿ ಖಾಡಿಯತ್ತ ಇಳಿಯುತ್ತ ವಿರಳವಾಗುವ ಸಮೋನ್ನತಿ ರೇಖೆಗಳು ನೆಲದೊಡನೆಯೇ ಹುಟ್ಟಿದವೋ ಎಂಬ ಭ್ರಾಂತಿ ಉಂಟಾಗುತ್ತದೆ. ಆದರೆ ಇಂತಹ ಪಟಗಳೆಲ್ಲವೂ ಎಂದೋ ಎಲ್ಲಿಯೋ ಮನುಷ್ಯರು ಬಾಗಿ ನಿಂತು ಅಳೆದ ಕೆಲವೇ ಆಧಾರರೇಖೆಗಳ ಮೇಲೆ ನಿಂತಿವೆ.

ಆ ಬಗೆಯ ರೇಖೆಗಳಲ್ಲಿ ನನಗೆ ಅತ್ಯದ್ಭುತವೆನಿಸುವುದು ಉತ್ತರಧ್ರುವವೃತ್ತದ ಅಂಚಿನಲ್ಲಿ ಹರಿಯುವ ಟೋರ್ನೆ ನದಿಯದು. ಭೂಮಿ ಧ್ರುವಗಳಲ್ಲಿ ಚಪ್ಪಟೆಯೋ ನೀಳವೋ ಎಂಬ ವಿವಾದವನ್ನು ಬಗೆಹರಿಸಲು 1736ರಲ್ಲಿ ಪ್ಯಾರಿಸ್ಸಿನಿಂದ ಹೊರಟ ಮೋಪರ್ತ್ಯುಯಿ, ಸ್ವೀಡನ್ನಿನ ಸೆಲ್ಸಿಯಸ್ ಮೊದಲಾದವರೊಡಗೂಡಿ, ಕಣಿವೆಯ ಬೆಟ್ಟಗಳ ನೆತ್ತಿಯಲ್ಲಿ ತೊಗಟೆ ಸುಲಿದ ಮರಗಳ ಗುರುತುಗಳನ್ನು ನಿಲ್ಲಿಸಿ ತ್ರಿಕೋನಗಳನ್ನು ಹೆಣೆದನು. ಡಿಸೆಂಬರಿನಲ್ಲಿ ನದಿ ಹೆಪ್ಪುಗಟ್ಟಿದ ಮೇಲೆ ಎರಡು ತಂಡಗಳು ಫರ್ ಮರದ ಕೋಲುಗಳನ್ನು ಹಿಮದ ಮೇಲೆ ಒಂದರ ತುದಿಗೊಂದು ಜೋಡಿಸುತ್ತ 14 ಕಿಲೋಮೀಟರಿಗೂ ಮಿಕ್ಕ ದೂರವನ್ನು ಬೇರೆಬೇರೆಯಾಗಿ ಅಳೆದವು. ಎರಡಳತೆಗಳಿಗೂ ಬಂದ ಅಂತರ ನಾಲ್ಕೇ ಅಂಗುಲ! ಭೂಮಿ ಧ್ರುವಗಳಲ್ಲಿ ಚಪ್ಪಟೆಯೆಂಬುದು ಅಲ್ಲಿ ಸಿದ್ಧವಾಯಿತು. ಆ ನದೀಪ್ರದೇಶದ ಪಟವನ್ನು ಸಹಯಾತ್ರಿಯಾದ ಪಾದ್ರಿ ಊತ್ಯೆ ಬರೆದನು.

ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಅಗರದಿಂದ ಬಾಣಸವಾಡಿಯವರೆಗೆ ಸುಮಾರು 7.4 ಮೈಲಿಗಳನ್ನು ನೂರಡಿಯ ಉಕ್ಕಿನ ಸರಪಣಿಯಿಂದ ಅಳೆದನು. ಮೊದಲು ಚೀನದ ಚಕ್ರವರ್ತಿಗೆಂದು ಮೆಕಾರ್ಟ್ನಿಯ ರಾಯಭಾರದೊಡನೆ ಸಾಗಿದ್ದ ಸರಪಣಿಯದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಅದನ್ನು ಗೂಟಗಳ ಮೇಲಿನ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣಮಾಪಕವನ್ನು ನೋಡಿ, ಪ್ರತಿ ಅಳತೆಯನ್ನೂ ತಿದ್ದಬೇಕಾಗಿತ್ತು. ಉತ್ತರದವರನ್ನು ಕಾಡಿದ್ದು ಚಳಿ, ಇಲ್ಲಿನವರನ್ನು ಕಾಡಿದ್ದು ಬಿಸಿಲು. ಮೈಸೂರು ಸೀಮೆಯ ಊರು, ಕೆರೆ, ಕೋಟೆಗಳನ್ನು ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯ ಸರ್ವೆ ಕಾಗದಕ್ಕಿಳಿಸುತ್ತಿತ್ತು. ಈ ಕಾರ್ಯದಲ್ಲಿ ಪೆಟ್ಟಿಗೆ ಹೊತ್ತ, ಗೂಟ ನೆಟ್ಟ, ಬಾವುಟ ಹಿಡಿದ ಜನರ ಶ್ರಮವನ್ನು ಚರಿತ್ರಕಾರರು ಲ್ಯಾಂಬ್ಟನ್ನನ ಹೆಸರಿನೊಡನೆಯೇ ಸ್ಮರಿಸಬೇಕಾದುದು ನ್ಯಾಯ.

ಉದ್ದವನ್ನಳೆದ ಮೇಲೂ ಎತ್ತರಕ್ಕೊಂದು ಮೂಲ ಬೇಕು. ಭರತಖಂಡದ ಎತ್ತರಗಳಿಗೆ ಆಧಾರವಾದ ಸರಾಸರಿ ಸಮುದ್ರಮಟ್ಟವನ್ನು, 1858ರಿಂದ ನಡೆದ ಮಟ್ಟದಳತೆಯ ಫಲವಾಗಿ, 1909ರಲ್ಲಿ ಸ್ಥಿರಪಡಿಸಲಾಯಿತು. ವರ್ಷಗಟ್ಟಲೆ ಉಬ್ಬರವಿಳಿತಗಳನ್ನು ದಾಖಲಿಸಿ ಇದಕ್ಕೆ ನೆರವಾದ ಒಂಬತ್ತು ಬಂದರುಗಳಲ್ಲಿ ಮುಂಬಯಿಯೂ ಒಂದು, ಕಾರವಾರವೂ ಒಂದು.